ಆಗುಂಬೆ ಘಾಟಿ ಹತ್ತುವಾಗ ಮಾತ್ರ ಬಿಸಿಯಾಗುವ 1996ರ ಮಾರುತಿ 800: ಹೆಡ್ ಬಿಚ್ಚಿಸುವ ಮೊದಲು ಏನು ನೋಡಬೇಕು?

ತುಂಗೆಯ ದಡ (ತೀರ್ಥಹಳ್ಳಿ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು 1996ರ ಮಾರುತಿ 800. ಬಿಳಿ ಬಣ್ಣ, ಕಾರ್ಬೊರೇಟರ್ ಗಾಡಿ, ಎಸಿ ಇಲ್ಲ. ಅಪ್ಪ ಆ ವರ್ಷದ ಅಡಿಕೆ ಮಾರಿದ ದುಡ್ಡಿನಲ್ಲಿ ತಂದಿದ್ದರು. ಅವರು ತೀರಿಕೊಂಡು ಮೂರು ವರ್ಷವಾಯಿತು. ಅದಕ್ಕೆ ಮೊದಲು ಒಂದೂವರೆ ವರ್ಷ ಅವರು ಹಾಸಿಗೆ ಹಿಡಿದಿದ್ದಾಗ ಕಾರು ಕೊಟ್ಟಿಗೆಯ ಪಕ್ಕ ಸುಮ್ಮನೆ ನಿಂತಿತ್ತು. ಈಗ ನಾನೇ ಓಡಿಸುತ್ತೇನೆ. ಎರಡು ತಿಂಗಳಿಗೊಮ್ಮೆ ಅಮ್ಮನನ್ನು ಕಣ್ಣಿನ ತಪಾಸಣೆಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಬಸ್ಸಿನಲ್ಲಿ ಆ ತಿರುವುಗಳಲ್ಲಿ ಅಮ್ಮನಿಗೆ ವಾಂತಿಯಾಗುತ್ತದೆ, ಕಾರಿನಲ್ಲಿ ಮುಂದೆ ಕೂತರೆ ಆಗುವುದಿಲ್ಲ. ಹಾಗಾಗಿ ಈ ಕಾರು ನಮಗೆ ಬೇಕೇ ಬೇಕು.

ತೊಂದರೆ ಹೀಗಿದೆ. ಹೋಗುವಾಗ ಘಾಟಿ ಇಳಿಯುವುದು, ಏನೂ ಆಗುವುದಿಲ್ಲ. ಹೆಬ್ರಿಯಿಂದ ಮಣಿಪಾಲದವರೆಗೂ ಇಂಜಿನ್ ಬಿಸಿ ತೋರಿಸುವ ಮುಳ್ಳು ಅರ್ಧಕ್ಕಿಂತ ಕೆಳಗೇ ಇರುತ್ತದೆ. ವಾಪಸ್ ಬರುವಾಗ ಸೋಮೇಶ್ವರ ದಾಟಿ ಘಾಟಿ ಶುರುವಾಗುತ್ತದಲ್ಲ, ಅಲ್ಲಿಂದ ಕಷ್ಟ. ಹದಿನಾಲ್ಕು ತಿರುವಿನಲ್ಲಿ ಐದೋ ಆರೋ ಆಗುವಷ್ಟರಲ್ಲಿ ಮುಳ್ಳು ಅರ್ಧ ದಾಟುತ್ತದೆ. ಹತ್ತನೆಯದು ಬರುವಾಗ ಎಚ್ (ಹಾಟ್) ಅಕ್ಷರದ ಹತ್ತಿರ. ಪಕ್ಕಕ್ಕೆ ಹಾಕಿ ನಿಲ್ಲಿಸಿ ಬಾನೆಟ್ ಎತ್ತಿ ಮುಕ್ಕಾಲು ಗಂಟೆ ಕಾಯುತ್ತೇವೆ. ಕಳೆದ ಸಲ ಜೊತೆಗೆ ಬಂದಿದ್ದ ಚಿಕ್ಕಪ್ಪನ ಮಗ ಅವಸರದಲ್ಲಿ ರೇಡಿಯೇಟರ್ ಕ್ಯಾಪ್ ತಿರುಗಿಸಿ ಮುಂಗೈ ಸುಟ್ಟುಕೊಂಡ. ಅವನಿಗೆ ಈಗ ವಾಸಿಯಾಗಿದೆ, ಆದರೆ ಅಮ್ಮ ಆವತ್ತಿನಿಂದ ಹೆದರಿದ್ದಾಳೆ.

ಇಲ್ಲಿಯವರೆಗೆ ಮೊದಲು ಥರ್ಮೋಸ್ಟಾಟ್ (ಇಂಜಿನ್ ಕಾದ ಮೇಲೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ಹೊಸದು ಹಾಕಿಸಿದೆ. ಆಮೇಲೆ ವಾಟರ್ ಪಂಪ್, ಅದರ ಜೊತೆ ಬೆಲ್ಟ್. ಎರಡರಿಂದಲೂ ಏನೂ ವ್ಯತ್ಯಾಸವಾಗಲಿಲ್ಲ. ಈಗ ಮೆಕ್ಯಾನಿಕ್ ಹೇಳುತ್ತಿರುವುದು ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲ್) ಹೋಗಿದೆ, ಹೆಡ್ ಬಿಚ್ಚಿ ಫೇಸಿಂಗ್ ಮಾಡಿಸಬೇಕು, ಅಂದರೆ ಅದರ ತಳ ಸಮತಟ್ಟು ಮಾಡಿಸಬೇಕು, ಹದಿನೈದು ಸಾವಿರದವರೆಗೆ ಆಗಬಹುದು ಎಂದು. ಆಯಿಲ್ ಹಾಕುವ ಕ್ಯಾಪಿನ ಒಳಗೆ ಬಿಳಿ ಬೆಣ್ಣೆಯಂಥದ್ದು ಅಂಟಿರುವುದನ್ನು ತೋರಿಸಿದರು. ದುಡ್ಡು ಹೇಗೋ ಹೊಂದಿಸಬಹುದು. ಮತ್ತೆ ಅದೇ ಕತೆಯಾದರೆ ಏನು ಮಾಡಲಿ ಎಂಬುದೇ ಚಿಂತೆ. ಬಿಚ್ಚುವ ಮೊದಲೇ ಇದೇ ಕಾರಣ ಎಂದು ಖಚಿತ ಮಾಡಿಕೊಳ್ಳುವ ದಾರಿ ಇದೆಯೇ?

ಕಾರ್ಕಳದ ಕಾರು:

ಮೇಡಂ, ಥರ್ಮೋಸ್ಟಾಟ್ ತೆಗೆದೇಬಿಡಿ. ನಮ್ಮ ಊರಿನ ಸೆಖೆಗೆ ಅದು ಬೇಕಾಗಿಲ್ಲ. ನನ್ನ ಹಳೇ ಗಾಡಿಯಲ್ಲಿ ತೆಗೆದು ಹಾಕಿ ಆರು ವರ್ಷ ಓಡಿಸಿದ್ದೇನೆ, ಬಿಸಿಯಾದದ್ದೇ ಇಲ್ಲ. ಇನ್ನೊಂದು, ಹಿಂದಿನ ಚಕ್ರದ ಬ್ರೇಕ್ ಹಿಡಿದುಕೊಂಡಿದೆಯಾ ನೋಡಿ. ಘಾಟಿ ಹತ್ತಿ ನಿಲ್ಲಿಸಿದಾಗ ಡ್ರಮ್ಮಿನ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಹತ್ತುವಾಗ ಬ್ರೇಕ್ ಹೆಚ್ಚು ಒತ್ತುವುದಿಲ್ಲವಲ್ಲ, ಆಗಲೂ ಒಂದು ಚಕ್ರ ಕೆಂಡದ ಹಾಗೆ ಇದ್ದರೆ ಅದು ಗಾಡಿಯನ್ನು ಎಳೆದು ಹಿಡಿಯುತ್ತಾ ಇದೆ ಎಂದರ್ಥ. ಇಂಜಿನ್ ಸುಮ್ಮನೆ ಭಾರ ಹೊರುತ್ತದೆ.

ಹುಬ್ಬಳ್ಳಿ ಗ್ಯಾರೇಜು:

ನಮಸ್ಕಾರ್ರೀ ಅಕ್ಕಾರ. ನಾ ಗ್ಯಾರೇಜ್ ಇಟ್ಕೊಂಡು ಇಪ್ಪತ್ತೆಂಟು ವರ್ಷ ಆತು. ಹೆಡ್ ಇನ್ನೂ ಬಿಚ್ಚಸಬ್ಯಾಡ್ರಿ. ಗ್ಯಾಸ್ಕೆಟ್ ಹೋಗಿರಬಹುದು, ಹೋಗಿರದನೂ ಇರಬಹುದು. ಬಿಚ್ಚದನ ನೋಡೂ ದಾರಿ ಅದಾವ, ಖರ್ಚಿಲ್ಲದ್ದು.

ಮುಂಜಾನೆ ಇಂಜಿನ್ ಪೂರಾ ತಣ್ಣಗ ಇದ್ದಾಗ ರೇಡಿಯೇಟರ್ ಕ್ಯಾಪ್ ತಗೀರಿ, ನೀರು ಬಾಯಿತನಕ ತುಂಬ್ರಿ. ಕ್ಯಾಪ್ ಹಾಕದನ ಚಾಲೂ ಮಾಡಿ, ನೀರು ನೋಡ್ಕೊಂತ ನಿಂದರ್ರಿ. ಮೊದಲ ನಾಕೈದು ಗುಳ್ಳಿ ಬರ್ತಾವ, ಅದು ಒಳಗ ಸಿಕ್ಕೊಂಡಿದ್ದ ಗಾಳಿ. ಆದ್ರ ಎಕ್ಸಲರೇಟರ್ ಕೊಟ್ಟಾಗೆಲ್ಲಾ ಸೋಡಾ ಬಾಟ್ಲಿಯೊಳಗ ಬಂದಂಗ ಬರಾಕ ಹತ್ತಿದ್ವು, ನಿಲ್ಲಲೇ ಇಲ್ಲ ಅಂದ್ರ ಸಿಲಿಂಡರಿನ ಗ್ಯಾಸು ನೀರಿಗೆ ಸೇರಾಕತ್ತೇತಿ ಅಂತ ತಿಳೀರಿ. ನೀರು ಬೆಚ್ಚಗ ಆಗೂದ್ರೊಳಗ ಕ್ಯಾಪ್ ಹಾಕಿಬಿಡ್ರಿ, ಇಲ್ಲಂದ್ರ ಉಕ್ತೈತಿ.

ಇನ್ನೊಂದು. ಮರುದಿನ ಕ್ಯಾಪ್ ಹಾಕಿ ಚಾಲೂ ಮಾಡ್ರಿ. ಎರಡು ನಿಮಿಷಕ್ಕ ಮ್ಯಾಲಿನ ಹೋಸ್ ಪೈಪ್ ಒತ್ತಿ ನೋಡ್ರಿ. ಇನ್ನೂ ತಣ್ಣಗ ಇದ್ದಾಗನ ಅದು ಕಲ್ಲಾದಂಗ ಬಿಗಿ ಆಗಿತ್ತಂದ್ರ ಸಂಶಯ ಪಡ್ರಿ. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ಸಾಲಾಗಿ ಇಟ್ಟು ನೋಡ್ರಿ. ಎರಡು ಕಂದು ಬಣ್ಣ, ಒಂದು ಮಾತ್ರ ತೊಳದಂಗ ಬೆಳ್ಳಗ ಇದ್ರ ಆ ಸಿಲಿಂಡರಿಗೆ ನೀರು ಹೊಂಟೈತಿ.

ಆಯಿಲ್ ಕ್ಯಾಪಿನ ಬೆಣ್ಣಿ ನೋಡಿ ತೀರ್ಮಾನ ಮಾಡಬ್ಯಾಡ್ರಿ. ನಿಮ್ಮದು ಮಳಿ ಸೀಮಿ. ಗಾಡಿ ಪ್ಯಾಟಿಗೆ ನಾಕು ಕಿಲೋಮೀಟರ್ ಹೋಗಿ ನಿಲ್ತೈತಿ, ಆಯಿಲ್ ಪೂರಾ ಕಾಯೂದಿಲ್ಲ, ಆವಿ ಕ್ಯಾಪಿಗೆ ಹತ್ತಿ ಹಂಗ ಬೆಳ್ಳಗ ಕೂಡ್ತೈತಿ. ಡಿಪ್‌ಸ್ಟಿಕ್ (ಆಯಿಲ್ ಅಳಿಯೂ ಕಡ್ಡಿ) ತಗದು ನೋಡ್ರಿ. ಅದರೊಳಗೂ ಆಯಿಲ್ ಮಜ್ಜಿಗಿ ಬಣ್ಣ ಆಗಿದ್ರ ಮಾತು ಬ್ಯಾರೆ.

ಕಾರ್ಕಳದ ಅಣ್ಣಾರ, ಬ್ರೇಕಿನ ಮಾತು ಛಲೋ ಹೇಳಿದ್ರಿ. ಆದ್ರ ಥರ್ಮೋಸ್ಟಾಟ್ ತಗಿಯೂದು ಒಪ್ಪಂಗಿಲ್ಲ ನೋಡ್ರಿ. ಅದು ತೆರಕೊಳ್ಳಲಾರದ ಕೆಟ್ಟಿದ್ರ, ತಗದಾಗ ಗಾಡಿ ಸುಧಾರಿಸಿದಂಗ ಕಾಣ್ತೈತಿ, ಖರೆ. ಛಲೋ ಇದ್ದದ್ದನ್ನ ತಗದ್ರ ಘಾಟಿಯೊಳಗ ಏನೂ ಲಾಭ ಇಲ್ಲ, ಯಾಕಂದ್ರ ಅಷ್ಟು ಬಿಸಿಯೊಳಗ ಅದು ಹೆಂಗಿದ್ರೂ ಪೂರಾ ತೆರದ ಇರ್ತೈತಿ. ತೀರ್ಥಹಳ್ಳಿ ಚಳಿಯೊಳಗ ಇಂಜಿನ್ ಕಾಯೂದ ಇಲ್ಲ, ಪೆಟ್ರೋಲ್ ಜಾಸ್ತಿ ಕುಡೀತೈತಿ, ಅದ ಬೆಣ್ಣಿ ಇನ್ನೂ ಜಾಸ್ತಿ ಕೂಡ್ತೈತಿ. ಅಕ್ಕಾರ, ನೀವು ತೆಗೆಸಿದ ಹಳೇ ಥರ್ಮೋಸ್ಟಾಟ್ ಇದ್ರ ದಾರ ಕಟ್ಟಿ ಪಾತೇಲಿ ನೀರಿನೊಳಗ ತೂಗಬಿಟ್ಟು ಒಲಿ ಮ್ಯಾಲೆ ಇಡ್ರಿ. ಅದರ ಮ್ಯಾಲೆ 82 (ಡಿಗ್ರಿ) ಅಂತ ಕೆತ್ತಿದ್ರ, ನೀರು ಕುದಿಯೂದಕ್ಕಿಂತ ಮೊದಲ ಬಾಯಿ ಬಿಡಬೇಕು. ಬಿಟ್ರ, ಅದು ಛಲೋನ ಇತ್ತು.

ಈಗ ನನ್ನ ಪ್ರಶ್ನಾ ಎರಡು. ಮುಳ್ಳು ಏರೂದು ರೇಡಿಯೇಟರ್ ಫ್ಯಾನ್ ಚಾಲೂ ಆಗೂದಕ್ಕಿಂತ ಮೊದಲೋ, ಆದ ಮ್ಯಾಲೋ? ಮತ್ತ, ಈ ತ್ರಾಸು ಶುರು ಆಗೂ ಮೊದಲ ಗಾಡಿಗೆ ಕಡೀ ಕೆಲಸ ಏನು ಮಾಡಿಸಿದ್ರಿ? ಬಿಸಿಗೆ ಸಂಬಂಧ ಇಲ್ಲದ್ದು ಅಂತ ನಿಮಗ ಅನಿಸಿದ್ರೂ ಹೇಳ್ರಿ.

ತುಂಗೆಯ ದಡ:

ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಉಪಕಾರವಾಯಿತು. ಎರಡು ದಿನ ತೆಗೆದುಕೊಂಡು ಎಲ್ಲವನ್ನೂ ಮಾಡಿ ನೋಡಿದೆ.

ಗುಳ್ಳೆ: ಮೊದಲು ನಾಲ್ಕಾರು ಬಂದು ನಿಂತವು. ತಮ್ಮನ ಹತ್ತಿರ ಎಕ್ಸಲರೇಟರ್ ಕೊಡಿಸಿ ನೋಡಿದಾಗಲೂ ಬರಲಿಲ್ಲ. ಹೋಸ್ ಎರಡು ನಿಮಿಷಕ್ಕೆ ಮೆತ್ತಗೇ ಇತ್ತು. ಪ್ಲಗ್ ಮೂರೂ ಒಂದೇ ಬಣ್ಣ. ಡಿಪ್‌ಸ್ಟಿಕ್ ಒರೆಸಿ ಮತ್ತೆ ಅದ್ದಿ ನೋಡಿದೆ, ಆಯಿಲ್ ಕಪ್ಪಗಿದೆ, ಮಜ್ಜಿಗೆಯ ಬಣ್ಣವಿಲ್ಲ. ಹಳೇ ಥರ್ಮೋಸ್ಟಾಟ್ ಅಪ್ಪನ ಟೂಲ್ ಡಬ್ಬಿಯಲ್ಲೇ ಇತ್ತು. ಒಲೆಯ ಮೇಲೆ ಇಟ್ಟೆ. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಏಳುವ ಹೊತ್ತಿಗೇ ತೆರೆದುಕೊಂಡಿತು. ಅಂದರೆ ಅದನ್ನು ಬದಲಾಯಿಸುವ ಅಗತ್ಯವೇ ಇರಲಿಲ್ಲ. ಬ್ರೇಕಿನ ಬಗ್ಗೆ ಮುಂದಿನ ಸಲ ಘಾಟಿ ಹತ್ತಿದಾಗ ನೋಡುತ್ತೇನೆ.

ಮುಖ್ಯವಾದದ್ದು ನಿಮ್ಮ ಎರಡು ಪ್ರಶ್ನೆ. ಅಪ್ಪ ಗಾಡಿಗೊಂದು ಡೈರಿ ಇಟ್ಟಿದ್ದರು. ಎಷ್ಟು ಪೆಟ್ರೋಲ್, ಎಷ್ಟು ಕಿಲೋಮೀಟರ್, ಯಾವ ದಿನ ಯಾವ ರಿಪೇರಿ, ಎಲ್ಲ ಬರೆಯುತ್ತಿದ್ದರು. ನಾನೂ ಅದನ್ನು ಬಿಟ್ಟಿಲ್ಲ. ಈ ವರ್ಷದ ಪುಟಗಳಲ್ಲಿ ನಾನೇ ಬರೆದದ್ದನ್ನು ಹಾಗೇ ಕೊಡುತ್ತೇನೆ:

ಫೆಬ್ರವರಿ 2 – ಮಣಿಪಾಲ ಹೋಗಿ ಬಂದೆವು. ತೊಂದರೆ ಇಲ್ಲ.
ಫೆಬ್ರವರಿ 19 – ಪೇಟೆಯಲ್ಲಿ ಫ್ಯಾನ್ ಸದ್ದು ಮಾಡಿ ನಿಂತಿತು. ಮೋಟರ್ ಸುಟ್ಟಿದೆ. ಗುಜರಿಯಿಂದ ತಂದದ್ದು ಹಾಕಿದರು. ಕನೆಕ್ಟರ್ ಹೊಂದಲಿಲ್ಲ, ವೈರ್ ಕತ್ತರಿಸಿ ಜೋಡಿಸಿದರು.
ಏಪ್ರಿಲ್ 5 – ಮಣಿಪಾಲ. ಬರುವಾಗ ಘಾಟಿಯಲ್ಲಿ ಬಿಸಿ. 40 ನಿಮಿಷ ನಿಂತೆವು.
ಮೇ 11 – ಥರ್ಮೋಸ್ಟಾಟ್.
ಜೂನ್ 7 – ಮಣಿಪಾಲ. ಮತ್ತೆ ಬಿಸಿ.
ಜುಲೈ 20 – ವಾಟರ್ ಪಂಪ್, ಬೆಲ್ಟ್.
ಆಗಸ್ಟ್ 2 – ಮಣಿಪಾಲ. ಮತ್ತೆ ಬಿಸಿ. ಕೈ ಸುಟ್ಟದ್ದು ಅವತ್ತೇ.

ಫ್ಯಾನಿನ ಮೇಲೆ ನನಗೆ ಅನುಮಾನವೇ ಬಂದಿರಲಿಲ್ಲ, ಏಕೆಂದರೆ ಅದು ಓಡುತ್ತದೆ. ಅಂಗಳದಲ್ಲಿ ಅರ್ಧ ಗಂಟೆ ಐಡಲ್ ಬಿಟ್ಟರೂ ಫ್ಯಾನ್ ಬರುತ್ತದೆ, ಹೋಗುತ್ತದೆ, ಮುಳ್ಳು ಏರುವುದಿಲ್ಲ. ಆದರೆ ನೀವು ಕೇಳಿದ್ದನ್ನು ಅಮ್ಮನ ಹತ್ತಿರ ಹೇಳಿದಾಗ ಅವಳು, "ಆ ಗುಂಯ್ ಅನ್ನೋ ಸದ್ದು ಶುರುವಾದ ಮೇಲೇ ಕಣೇ ಮುಳ್ಳು ಓಡೋದು, ಅಲ್ಲೀತನಕ ನಿಧಾನವಾಗೇ ಇರುತ್ತೆ" ಎಂದಳು. ನಾನು ರಸ್ತೆ ನೋಡುತ್ತಿರುತ್ತೇನೆ, ಅಮ್ಮ ಪಕ್ಕದಲ್ಲಿ ಕೂತು ಮುಳ್ಳನ್ನೇ ನೋಡುತ್ತಿರುತ್ತಾಳೆ. ಅವಳ ಮಾತನ್ನು ನಂಬುತ್ತೇನೆ.

ಹುಬ್ಬಳ್ಳಿ ಗ್ಯಾರೇಜು:

ಅಕ್ಕಾರ, ಸಿಕ್ತು ಅಂತ ಅನ್ನಸ್ತೈತಿ. ಅಮ್ಮಾರು ಹೇಳಿದ ಮಾತ ಖರೇ ಗುರುತು. ನಿಮ್ಮ ಫ್ಯಾನ್ ಉಲ್ಟಾ ತಿರಗಾಕತ್ತೇತಿ.

ಇದು ಡಿಸಿ ಮೋಟರ್. ಪ್ಲಸ್ಸು ಮೈನಸ್ಸು ಅದಲು ಬದಲಾದ್ರ ನಿಂದರೂದಿಲ್ಲ, ಹಿಂದಮುಂದಾಗಿ ತಿರಗ್ತೈತಿ. ಸದ್ದು ಅದ, ನೋಡಾಕೂ ಅದ. ಈ ಗಾಡಿಯೊಳಗ ಫ್ಯಾನ್ ರೇಡಿಯೇಟರಿನ ಹಿಂದ, ಇಂಜಿನ್ ಕಡೆ ಐತಿ. ಅದು ಮುಂದಿನ ಗಾಳಿಯನ್ನ ರೇಡಿಯೇಟರಿನೊಳಗಿಂದ ಹಿಂದಕ್ಕ ಎಳೀಬೇಕು. ಉಲ್ಟಾ ಆದ್ರ ಇಂಜಿನ್ ಕಡೆಯ ಕಾದ ಗಾಳಿಯನ್ನ ಮುಂದಕ್ಕ ನೂಕ್ತೈತಿ. ಗಾಡಿ ನಿಂತಾಗ ಎದುರು ಬರೂ ಗಾಳಿ ಇಲ್ಲ, ಹಂಗಾಗಿ ಅರೆಬರೆ ತಣಸ್ತೈತಿ, ಅಂಗಳದಾಗ ನಿಮಗ ಗೊತ್ತಾಗೂದಿಲ್ಲ. ಸಪಾಟ ರಸ್ತೆಯೊಳಗ ಅರವತ್ತರ ಸ್ಪೀಡಿಗೆ ಫ್ಯಾನ್ ಬೇಕಾಗೂದ ಇಲ್ಲ. ಘಾಟಿಯೊಳಗ ಎರಡನೇ ಗೇರು, ಇಪ್ಪತ್ತು ಇಪ್ಪತ್ತೈದರ ಸ್ಪೀಡು, ಇಂಜಿನ್ ಪೂರಾ ಜೋರು. ಎದುರಿನಿಂದ ಬರೂ ಆ ಸಣ್ಣ ಗಾಳಿ ಒಂದ ಆಸರ. ಫ್ಯಾನ್ ಚಾಲೂ ಆದ ಕೂಡಲೇ ಅದನ್ನ ಎದುರು ನೂಕಿ ನಿಲ್ಲಸ್ತೈತಿ. ಗಾಳಿ ಎರಡೂ ಕಡೆಯಿಂದ ಬಂದು ರೇಡಿಯೇಟರಿನೊಳಗ ಸುಮ್ಮನ ನಿಂತಬಿಡ್ತೈತಿ.

ಪರೀಕ್ಷಾ ಸರಳ. ಅಂಗಳದಾಗ ಚಾಲೂ ಬಿಟ್ಟು ಫ್ಯಾನ್ ಬರೂತನಕ ಕಾಯ್ರಿ. ಒಂದು ಊದಿನಕಡ್ಡಿ ಹಚ್ಚಿ ಮುಂದಿನ ಜಾಳಗಿಗೆ ಒಂದು ಗೇಣು ದೂರ ಹಿಡೀರಿ. ಹೊಗಿ ಒಳಗ ಹೋಗಬೇಕು. ನಿಮ್ಮ ಮಾರಿಗೆ ಬಂದ್ರ ಉಲ್ಟಾ. ಪೆಟ್ರೋಲ್ ಪೈಪ್, ಕಾರ್ಬೊರೇಟರ್ ಕಡೆ ಕಡ್ಡಿ ಒಯ್ಯಬ್ಯಾಡ್ರಿ. ಸೆರಗು, ಜಡಿ ಕಟ್ಕೊಂಡ ನಿಂದರ್ರಿ.

ಉಲ್ಟಾ ಇದ್ರ ಮೋಟರಿನ ಹತ್ತಿರ ಆ ಎರಡು ವೈರ್ ಅದಲು ಬದಲು ಮಾಡಿಸಿದ್ರ ಸಾಕು. ಬ್ಯಾಟರಿ ಕಡೆ ಏನೂ ಮುಟ್ಟಬ್ಯಾಡ್ರಿ. ರೆಕ್ಕಿನೂ ನೋಡಾಕ ಹೇಳ್ರಿ, ಒಮ್ಮೊಮ್ಮೆ ಗುಜರಿ ಮೋಟರಿಗೆ ರೆಕ್ಕಿ ತಿರುಗಿ ಹಾಕಿರ್ತಾರ.

ಕೋಲಾರ ಬೋರ್‌ವೆಲ್:

ಫ್ಯಾನಿನ ವಿಷಯ ಹುಬ್ಬಳ್ಳಿಯವರು ಹೇಳಿದ್ದೇ ಸರಿ ಅನ್ನಿಸುತ್ತೆ. ಆದರೆ ಅಕ್ಕ, ನಿಮ್ಮ ಕಾರು ಒಂದೂವರೆ ವರ್ಷ ನಿಂತಿತ್ತು ಅಂದಿರಲ್ಲ, ಆ ಮಾತನ್ನು ಯಾರೂ ಹಿಡಿಯಲಿಲ್ಲ. ಆಗ ಒಳಗೆ ಇದ್ದದ್ದು ಕೂಲೆಂಟಾ, ಬರೀ ನೀರಾ? ಈ ಇಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಬರೀ ನೀರು ನಿಂತರೆ ಬ್ಲಾಕ್ ಒಳಗೆ ತುಕ್ಕು ಹಿಡಿದು, ಆ ಕೆಸರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂರುತ್ತೆ. ನಮ್ಮ ಕಡೆ ಬೋರ್ ನೀರು ಗಡಸು, ಅದರ ಸುಣ್ಣ ಬೇರೆ ಕಟ್ಟಿಕೊಳ್ಳುತ್ತೆ. ನನ್ನ ಅಂಬಾಸಿಡರ್ ರೇಡಿಯೇಟರ್ ಬಿಚ್ಚಿಸಿದಾಗ ಅರ್ಧ ಕೊಳವೆಗಳು ಕಲ್ಲಾಗಿದ್ದವು. ನಿಮ್ಮಲ್ಲಿ ಬಾವಿ ನೀರು ಮೆದು ಇರಬಹುದು, ಆದರೆ ತುಕ್ಕು ಬಿಡಲ್ಲ.

ಕ್ಯಾಪನ್ನೂ ನೋಡಿ. ಎಲ್ಲರೂ ಅದನ್ನು ಬರೀ ಮುಚ್ಚಳ ಅಂದುಕೊಂಡಿರುತ್ತಾರೆ. ಆಗುಂಬೆಯ ಸುಮಾರು 650 ಮೀಟರ್ ಎತ್ತರದಲ್ಲಿ ನೀರು 98 ಡಿಗ್ರಿಯ ಹತ್ತಿರವೇ ಕುದಿಯುತ್ತೆ. ಕ್ಯಾಪಿನ ಮೇಲೆ 0.9 ಎಂದು ಬರೆದಿದ್ದರೆ ಅದು ಒಳಗೆ ಅಷ್ಟು ಬಾರ್ ಹೆಚ್ಚಿನ ಒತ್ತಡ ಹಿಡಿದಿಡಬೇಕು. ಹಿಡಿದರೆ 115 ಡಿಗ್ರಿ ದಾಟೋವರೆಗೂ ಕುದಿಯಲ್ಲ. ಅರ್ಧ ನೀರು, ಅರ್ಧ ಕೂಲೆಂಟ್ ಇದ್ದರೆ ಇನ್ನೂ ಏಳೆಂಟು ಡಿಗ್ರಿ ಸಿಗುತ್ತೆ. ಕ್ಯಾಪಿನ ರಬ್ಬರ್ ಸೀಳಿದ್ದರೆ ಇದೆಲ್ಲ ಹೋಯಿತು.

ಬೇರೆ ಬೇರೆ ಬಣ್ಣದ ಕೂಲೆಂಟ್ ಬೆರೆಸಬೇಡಿ, ಒಂದೇ ತರಹದ್ದು ಹಾಕಿ. ಬೆರೆಸೋಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಗೊಳ್ಳಿ. ಒಂದು ಮಾತು ಕಡ್ಡಾಯ: ಹಳೇ ಕೂಲೆಂಟನ್ನು ಅಂಗಳದಲ್ಲಿ ಚೆಲ್ಲಬೇಡಿ. ಸಿಹಿ ಇರುತ್ತೆ, ನಾಯಿ ದನ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ನಮ್ಮ ಬೀದಿಯ ಒಂದು ನಾಯಿ ಹಾಗೇ ಹೋಯಿತು.

ತುಂಗೆಯ ದಡ:

ಎಲ್ಲರಿಗೂ ಏನಾಯಿತು ಎಂದು ಹೇಳಲೇಬೇಕು.

ದೇವರ ಕೋಣೆಯಿಂದ ಊದಿನಕಡ್ಡಿ ತಂದು ಹಿಡಿದೆ. ಫ್ಯಾನ್ ಬರುವವರೆಗೆ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಫ್ಯಾನ್ ಬಂದ ತಕ್ಷಣ ಸೀದಾ ನನ್ನ ಮುಖಕ್ಕೆ ಬಂತು, ಬಿಸಿ ಗಾಳಿಯ ಜೊತೆ. ಅಮ್ಮ ಜಗಲಿಯಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೂ ಕಾಣಿಸಿತಂತೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಮೂರು ಸಲ ಆ ಘಾಟಿಯಲ್ಲಿ ಅವಳನ್ನು ಬಿಸಿಲಲ್ಲಿ, ಮಳೆಯಲ್ಲಿ ಕೂರಿಸಿದ್ದು ನೆನಪಾಗಿ ನನಗೆ ಅಳು ಬಂದುಬಿಟ್ಟಿತು.

ಪೇಟೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಹತ್ತು ನಿಮಿಷದ ಕೆಲಸ. ವೈರ್ ಬದಲಿಸಿ, ಬೆಸುಗೆ ಹಾಕಿ, ಮೇಲೆ ಸ್ಲೀವ್ ಹಾಕಿಕೊಟ್ಟರು. ರೆಕ್ಕೆ ಸರಿಯಾಗಿಯೇ ಇತ್ತು. ಅಲ್ಲೇ ಮತ್ತೆ ಊದಿನಕಡ್ಡಿ ಹಿಡಿದು ನೋಡಿಸಿದೆ. ಹೊಗೆ ಒಳಗೆ ಹೋಯಿತು.

ಕೋಲಾರದವರು ಹೇಳಿದ್ದೂ ನಿಜವಾಯಿತು. ಮೊದಲ ಸಲ ಅಮ್ಮನನ್ನು ಬಿಟ್ಟು, ತಮ್ಮನ ಜೊತೆ ಬರೀ ಸೋಮೇಶ್ವರಕ್ಕೆ ಇಳಿದು ಹತ್ತಿದೆ. ಮುಳ್ಳು ಅರ್ಧಕ್ಕಿಂತ ಒಂದು ಕೂದಲೆಳೆ ಮೇಲೆ ಹೋಯಿತು, ಫ್ಯಾನ್ ಬಂತು, ಇಳಿಯಿತು. ಹದಿನಾಲ್ಕು ತಿರುವಿನಲ್ಲಿ ಒಂದರಲ್ಲೂ ನಿಲ್ಲಿಸಲಿಲ್ಲ. ಆದರೆ ಮೇಲೆ ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ನಿಲ್ಲಿಸಿದಾಗ ಪಕ್ಕದ ನೀರಿನ ಡಬ್ಬಿಯಲ್ಲಿ ಗುಳುಗುಳು ಸದ್ದು. ಡಬ್ಬಿಯಲ್ಲಿ ನೀರು ಏರಿತ್ತು. ಮನೆಗೆ ಬಂದು ತಣ್ಣಗಾದ ಮೇಲೂ ಅದು ವಾಪಸ್ ರೇಡಿಯೇಟರಿಗೆ ಎಳೆದುಕೊಂಡಿರಲಿಲ್ಲ. ಕ್ಯಾಪ್ ತೆಗೆದು ತಿರುಗಿಸಿ ನೋಡಿದರೆ ರಬ್ಬರ್ ಗಟ್ಟಿಯಾಗಿ ಸುತ್ತಲೂ ಬಿರುಕು ಬಿಟ್ಟಿತ್ತು. ಹಿಂದಿನ ಬ್ರೇಕ್ ಡ್ರಮ್ಮು ಎರಡೂ ಕಡೆ ಉಗುರು ಬೆಚ್ಚಗಿತ್ತು ಅಷ್ಟೇ, ಕಾರ್ಕಳದವರಿಗೆ ತಿಳಿಸಲು ಬರೆದೆ.

ಕ್ಯಾಪ್ ಹೊಸದು ಹಾಕಿಸಿದೆ, 0.9ದ್ದೇ. ನೀರು ಇಳಿಸಿದಾಗ ಬಂದದ್ದು ಚಹಾದ ಬಣ್ಣ. ಒಳಗೆ ಬರೀ ನೀರೇ ಇತ್ತು. ಅಪ್ಪ ಮಲಗಿದ ಮೇಲೆ ಯಾರೋ ಸೋರಿದ್ದಕ್ಕೆ ತುಂಬಿಸಿ ತುಂಬಿಸಿ ಹಾಗಾಗಿರಬೇಕು. ಬಕೆಟ್ಟಿಗೆ ಹಿಡಿದು, ಮತ್ತೆ ನೀರು ತುಂಬಿ ಚಾಲೂ ಮಾಡಿ, ತಣಿಸಿ, ಮತ್ತೆ ಇಳಿಸಿದೆವು. ಐದನೇ ಸಲಕ್ಕೆ ತಿಳಿಯಾಯಿತು. ಆಮೇಲೆ ಅರ್ಧಕ್ಕರ್ಧ ಕೂಲೆಂಟ್. ರೇಡಿಯೇಟರನ್ನು ಬಿಚ್ಚಿಸಿ ಕೊಳವೆ ಸ್ವಚ್ಛ ಮಾಡಿಸುವುದು ಬೇಸಿಗೆಗೆ ಮೊದಲು ಎಂದುಕೊಂಡಿದ್ದೇನೆ. ಇಳಿಸಿದ ನೀರನ್ನು ಕ್ಯಾನಿನಲ್ಲಿ ತುಂಬಿ ಮುಚ್ಚಿಟ್ಟಿದ್ದೇನೆ, ನಮ್ಮಲ್ಲಿ ಎರಡು ದನ, ಒಂದು ಕರು ಇದೆ.

ನಿನ್ನೆ ಅಮ್ಮನನ್ನು ಕರೆದುಕೊಂಡು ಮಣಿಪಾಲಕ್ಕೆ ಹೋಗಿ ಬಂದೆ. ಘಾಟಿಯಲ್ಲಿ ಮಂಜು ಇತ್ತು. ಮೊದಲ ನಾಲ್ಕು ತಿರುವು ಅಮ್ಮ ಮುಳ್ಳನ್ನೇ ನೋಡುತ್ತಿದ್ದಳು. ಫ್ಯಾನಿನ ಸದ್ದು ಬಂದಾಗ ನನ್ನ ತೋಳು ಹಿಡಿದುಕೊಂಡಳು. ಮುಳ್ಳು ಇಳಿಯಿತು. ಆಮೇಲೆ ಅವಳು ಕಿಟಕಿಯ ಕಡೆ ತಿರುಗಿ ಕಾಡು ನೋಡುತ್ತಾ ಕೂತಳು, ಆಗುಂಬೆ ಬರುವವರೆಗೂ.

ಮೋಟರಿನ ಪ್ಲಸ್ ವೈರಿಗೆ ಕೆಂಪು ಟೇಪ್ ಸುತ್ತಿದ್ದೇನೆ. ಡೈರಿಯಲ್ಲಿ ಬರೆದೆ: ಅಕ್ಟೋಬರ್ 4 – ಮಣಿಪಾಲ. ಘಾಟಿಯಲ್ಲಿ ನಿಲ್ಲಿಸಲಿಲ್ಲ. ಫ್ಯಾನ್ ಮೋಟರ್ ಬಿಚ್ಚಿದರೆ ಕೆಂಪು ಟೇಪಿನ ವೈರ್ ಪ್ಲಸ್ಸಿಗೆ, ಊದಿನಕಡ್ಡಿ ಹಿಡಿದು ನೋಡುವುದು.